ಸೀರೆ ಉಟ್ಟ ಆಕೃತಿ: ಚಿತ್ರ ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಕೈಪಿಡಿ

ಮುಂಬೈ ಸುತ್ತಮುತ್ತ, ಮಾಟುಂಗಾ, ಡೊಂಬಿವಲಿ, ಮುಲುಂಡ್ ಕಡೆ ಮನೆಯಲ್ಲೇ ಕೂತು ಆಕೃತಿ ಚಿತ್ರ, ಅಂದರೆ ಮನುಷ್ಯರ ಮೈಯ ಚಿತ್ರ, ಅಭ್ಯಾಸ ಮಾಡುವ ಕನ್ನಡದ ಹುಡುಗ ಹುಡುಗಿಯರಿಗೂ, ಮಹಾರಾಷ್ಟ್ರ ಸರ್ಕಾರದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆ ಮುಗಿಸಿ ಮುಂದೆ ಮುಂಬೈಯ ಸರ್ ಜೆ.ಜೆ. ಕಲಾಶಾಲೆಯ ಕಡೆ ಕಣ್ಣಿಟ್ಟವರಿಗೂ ಈ ಕೈಪಿಡಿ. ಮುಖ ಬರುತ್ತದೆ, ಕೈ ಹೇಗೋ ಬರುತ್ತದೆ, ಸೀರೆ ಮಾತ್ರ ಕೈಕೊಡುತ್ತದೆ ಎಂಬುದು ಇವರ ಸಾಮಾನ್ಯ ದೂರು. ಸೀರೆಯ ಗೆರೆಗಳನ್ನು ಅಳಿಸಿ ಅಳಿಸಿ ಕಾಗದ ಹಿಂಜಿಹೋಗುತ್ತದೆ, ತಪ್ಪು ಹಾಗೇ ಉಳಿಯುತ್ತದೆ. ಕಾರಣ ಇಷ್ಟೆ: ತಪ್ಪು ಕಾಣುವುದು ಬಟ್ಟೆಯಲ್ಲಿ, ಇರುವುದು ಬಟ್ಟೆಯ ಕೆಳಗೆ. ಬಟ್ಟೆಗೆ ತನ್ನದೇ ಆದ ಆಕಾರವಿಲ್ಲ. ಯಾವುದು ಅದನ್ನು ಹಿಡಿದಿದೆಯೋ, ಯಾವುದು ತಳ್ಳುತ್ತಿದೆಯೋ ಅದರಿಂದಲೇ ಅದಕ್ಕೆ ಆಕಾರ. ಹೆಗಲು, ಸೊಂಟ, ಮಂಡಿ ಇರಬೇಕಾದಲ್ಲಿ ಇಲ್ಲದಿದ್ದರೆ ನಿರಿಗೆಯನ್ನು ಎಷ್ಟು ಚೆಂದ ತೀಡಿದರೂ ನಿಲ್ಲುವುದಿಲ್ಲ.

ಹಾಗಾಗಿ ರಬ್ಬರ್ ಕೈಗೆತ್ತಿಕೊಳ್ಳುವ ಮೊದಲು ಮೂರು ತಪಾಸಣೆ ಮಾಡಿ.

ಚಿತ್ರವನ್ನು ಗೋಡೆಗೆ ಒರಗಿಸಿ ಎಂಟು ಹತ್ತು ಅಡಿ ಹಿಂದೆ ಸರಿದು, ಕಣ್ಣು ಅರ್ಧ ಮುಚ್ಚಿ ನೋಡಿ. ಕೋಣೆ ಸಣ್ಣದಾಗಿದ್ದರೆ ಫೋನಿನಲ್ಲಿ ಫೋಟೊ ತೆಗೆದು, ಕಪ್ಪುಬಿಳುಪು ಮಾಡಿ, ಎಡಬಲ ತಿರುಗಿಸಿ, ಬೆರಳುಗುರಿನಷ್ಟು ಚಿಕ್ಕದಾಗಿಸಿ ನೋಡಿ. ಅಷ್ಟು ಚಿಕ್ಕದಾದಾಗಲೂ ಆಕೃತಿ ವಾಲಿದಂತೆ ಕಂಡರೆ ದೋಷ ಅಸ್ಥಿಪಂಜರದ್ದು. ನಿಂತ ಭಂಗಿ ಸರಿಯಾಗಿದ್ದು ಮೈಯೆಲ್ಲ ಕಲೆ ಕಲೆಯಾಗಿ ಕಂಡರೆ ದೋಷ ನೆರಳಿನದು.

ಎರಡನೆಯದು ಹೆಚ್ಚು ಮುಖ್ಯ. ಚಿತ್ರದ ಮೇಲೆ ಬಟರ್ ಪೇಪರ್ ಇಟ್ಟು, ಸೀರೆಯೊಳಗಿರುವ ಮೈಯನ್ನು ಬರೆಯಿರಿ. ಕತ್ತಿನ ಗುಳಿ, ಎರಡು ಹೆಗಲು, ಸೊಂಟದ ಎರಡು ಮೂಳೆಗಳು, ಎರಡು ಮಂಡಿ, ಎರಡು ಹಿಮ್ಮಡಿ ಗುರುತಿಸಿ. ಒಂಬತ್ತೂ ಬಿಂದುಗಳನ್ನು ತಡವರಿಸದೆ ಇಡಲಾದರೆ ಸರಿ. ‘ಬಲ ಮಂಡಿ ಎಲ್ಲಿದೆಯೋ ಗೊತ್ತಾಗುತ್ತಿಲ್ಲ’ ಎನಿಸಿದರೆ ಅಲ್ಲಿಗೆ ರೋಗ ಸಿಕ್ಕಿತು. ಕತ್ತಿನ ಗುಳಿಯಿಂದ ಲಂಬವಾಗಿ ಒಂದು ಗೆರೆ ಇಳಿಸಿ. ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತವರಲ್ಲಿ ಆ ಗೆರೆ ಭಾರ ಹೊತ್ತ ಪಾದದ ಮೇಲೆ ಅಥವಾ ಅದರ ತೀರ ಹತ್ತಿರ ಬೀಳಬೇಕು. ಎರಡೂ ಕಾಲಿನ ಮೇಲೆ ಭಾರವಿದ್ದರೆ ಪಾದಗಳ ನಡುವೆ ಬೀಳಬೇಕು.

ಮೂರನೆಯದು ಅಳತೆ. ಅರ್ಧ ಇಂಪೀರಿಯಲ್ ಹಾಳೆಯಲ್ಲಿ, ಅಂದರೆ 15 × 22 ಇಂಚಿನಲ್ಲಿ, 30 ಸೆಂಟಿಮೀಟರ್ ಎತ್ತರದ ನಿಂತ ಆಕೃತಿ ಎಂದಿಟ್ಟುಕೊಳ್ಳಿ. ದೇಹವನ್ನು ಏಳೂವರೆ ತಲೆ ಎಂದು ಹಿಡಿದರೆ ತಲೆ 4 ಸೆಂ.ಮೀ. ಮೇಲಿನಿಂದ ಎಣಿಸಿದರೆ ಗಲ್ಲ 4ಕ್ಕೆ, ಹೊಕ್ಕುಳು ಸುಮಾರು 12ಕ್ಕೆ, ತೊಡೆಸಂದು 15ರಿಂದ 15.5ಕ್ಕೆ, ಮಂಡಿ ಸುಮಾರು 22ಕ್ಕೆ, ಪಾದ 30ಕ್ಕೆ ಬರುತ್ತದೆ. ಮನುಷ್ಯರು ಅಚ್ಚಿನಲ್ಲಿ ಎರಕ ಹೊಯ್ದವರಲ್ಲ, ಒಂದಿಷ್ಟು ಆಚೀಚೆ ಇದ್ದೇ ಇರುತ್ತದೆ. ಆದರೂ ಈ ಅಳತೆ ಒಂದು ದೊಡ್ಡ ತಪ್ಪನ್ನು ತಕ್ಷಣ ಹಿಡಿದುಕೊಡುತ್ತದೆ.

ಕಾಲು ಗಿಡ್ಡ, ಮುಂಡ ಉದ್ದ

ಆ ತಪ್ಪು ಇದೇ. ಸೀರೆ ಉಟ್ಟವರನ್ನು ನೋಡಿದಾಗ ಕಣ್ಣು ಮೈಯನ್ನು ಎರಡು ಭಾಗ ಮಾಡುತ್ತದೆ: ನಿರಿಗೆ ಸಿಕ್ಕಿಸಿದ ಗೆರೆಯಿಂದ ಮೇಲೆ ಒಂದು, ಕೆಳಗೆ ಒಂದು. ಕೈ ಆ ಗೆರೆಯನ್ನು ಆಕೃತಿಯ ನಟ್ಟನಡುವೆ ಎಳೆದುಬಿಡುತ್ತದೆ. ಆಕೃತಿಯ ನಿಜವಾದ ಅರ್ಧ ಎತ್ತರ ಇರುವುದು ತೊಡೆಸಂದಿನ ಹತ್ತಿರ, ಸೀರೆಯೊಳಗೆ, ಕಾಣದ ಜಾಗದಲ್ಲಿ. ನಿರಿಗೆ ಸಿಕ್ಕಿಸುವುದು ಹೊಕ್ಕುಳಿನ ಆಸುಪಾಸಿನಲ್ಲಿ ಅಥವಾ ಸ್ವಲ್ಪ ಕೆಳಗೆ, ಅಂದರೆ ನಮ್ಮ 30 ಸೆಂ.ಮೀ. ಆಕೃತಿಯಲ್ಲಿ 12ರಿಂದ 13ಕ್ಕೆ. ಅದನ್ನು 15ಕ್ಕೆ ಇಳಿಸಿದಿರೆಂದರೆ ಕಾಲಿನಿಂದ ಎರಡು ಮೂರು ಸೆಂ.ಮೀ. ಕದ್ದಂತೆ. ಇದಕ್ಕೆ ತೇಪೆ ಹಾಕಲಾಗದು. ಸೊಂಟದಿಂದ ಕೆಳಗಿನದನ್ನು ಹೊಸದಾಗಿಯೇ ಬರೆಯಬೇಕು.

ಫೋನಿನ ಫೋಟೊ ನೋಡಿ ಬರೆಯುವವರಲ್ಲಿ ಇದೇ ದೋಷ ಬೇರೆ ಕಾರಣದಿಂದ ಬರುತ್ತದೆ. ಐದು ಅಡಿ ದೂರದಲ್ಲಿ ನಿಂತು, ಮುಖದ ಎತ್ತರದಲ್ಲಿ ಫೋನ್ ಹಿಡಿದು ತೆಗೆದರೆ ತಲೆ ಹೆಗಲು ದೊಡ್ಡದಾಗಿ, ಪಾದ ಚಿಕ್ಕದಾಗಿ ಬರುತ್ತದೆ. ಹತ್ತು ಹನ್ನೆರಡು ಅಡಿ ಹಿಂದೆ ಹೋಗಿ, ಫೋನನ್ನು ಸೊಂಟದ ಎತ್ತರಕ್ಕೆ ಇಳಿಸಿ, 2 ಪಟ್ಟು ಜೂಮ್ ಮಾಡಿ ತೆಗೆಯಿರಿ. ಇನ್ನೊಂದು: ಸೆಲ್ಫಿ ಕೆಲವು ಫೋನುಗಳಲ್ಲಿ ಎಡಬಲ ತಿರುಗಿ ಉಳಿಯುತ್ತದೆ. ನಾವು ಸಾಮಾನ್ಯವಾಗಿ ಸೀರೆ ಉಡುವ ಕ್ರಮದಲ್ಲಿ ಸೆರಗು ಉಟ್ಟವರ ಎಡ ಹೆಗಲ ಮೇಲೆ ಹೋಗುತ್ತದೆ, ನಿರಿಗೆಯ ತೆರೆದ ಅಂಚು ಅವರ ಎಡಕ್ಕೆ ಮುಖ ಮಾಡುತ್ತದೆ. ಚಿತ್ರದಲ್ಲಿ ಇದು ಅದಲುಬದಲಾಗಿದ್ದರೆ ನೋಡುವ ಹೆಂಗಸರು ಕ್ಷಣಾರ್ಧದಲ್ಲಿ ಗುರುತಿಸುತ್ತಾರೆ. ಗುಜರಾತಿ ಕ್ರಮದಲ್ಲಿ ಸೆರಗು ಹಿಂದಿನಿಂದ ಬಲ ಹೆಗಲ ಮೇಲೆ ಮುಂದಕ್ಕೆ ಬರುತ್ತದೆ. ಕೊಡಗಿನ ಕ್ರಮದಲ್ಲಿ ನಿರಿಗೆಯೇ ಹಿಂಬದಿಗೆ ಇರುತ್ತದೆ. ಯಾವ ಉಡುಗೆ ಎಂದು ಮೊದಲೇ ತೀರ್ಮಾನಿಸಿ.

ನಿರಿಗೆ ಕಬ್ಬಿಣದ ಸರಳಿನಂತೆ ನಿಂತಿದೆ

ಲಕ್ಷಣ: ಸೊಂಟದಿಂದ ನೆಲದವರೆಗೆ ಒಂದೇ ಅಗಲದ, ಒಂದೇ ದಪ್ಪದ ಸಮಾನಾಂತರ ಗೆರೆಗಳು. ಗೆರೆಗಳನ್ನು ಎಡದಿಂದ ಬಲಕ್ಕೆ ಒಂದಾದ ಮೇಲೊಂದು ನಕಲು ಮಾಡುತ್ತ ಹೋದಾಗ ಹೀಗಾಗುತ್ತದೆ. ಗೆರೆಗೆ ಹುಟ್ಟಿದ ಜಾಗ, ಉಬ್ಬಿದ ಜಾಗ, ಸಾಯುವ ಜಾಗ ಇಲ್ಲವಾಗುತ್ತದೆ.

ಆರು ಗಜದ ಸೀರೆ ಸುಮಾರು 5.5 ಮೀಟರ್ ಉದ್ದ. ಅದರಲ್ಲಿ ಮುಂದೆ ಮಡಿಚುವುದು ಸಾಮಾನ್ಯವಾಗಿ ಐದರಿಂದ ಏಳು ನಿರಿಗೆ, ಒಂದೊಂದೂ ನಾಲ್ಕೈದು ಇಂಚು ಅಗಲ. ಅವೆಲ್ಲ ಸೊಂಟದಲ್ಲಿ ಒಂದರ ಮೇಲೊಂದು ಕೂತು ಅಂಗೈ ಅಗಲದೊಳಗೆ ಅಡಗುತ್ತವೆ, ಕೆಳಗೆ ಇಳಿಯುತ್ತ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಹಾಗಾಗಿ ಮೇಲಿನಿಂದ ಬರೆಯಲು ಹೊರಟರೆ ಜಾಗ ಸಾಲದೆ ಕೈ ಕಟ್ಟಿಹಾಕಿದಂತಾಗುತ್ತದೆ. ಕೆಳಗಿನಿಂದ ಬರೆಯಿರಿ. ಮೊದಲು ನೆಲದ ಬಳಿಯ ಅಂಚನ್ನು ಹಾವಿನಂತೆ ಮುಂದೆ ಹಿಂದೆ ಹೊರಳುವ ಒಂದೇ ಗೆರೆಯಾಗಿ ಎಳೆಯಿರಿ. ಆ ಗೆರೆ ಎಲ್ಲೆಲ್ಲಿ ತಿರುಗುತ್ತದೋ ಅಲ್ಲಿಂದ ಮಾತ್ರ ಮೇಲಕ್ಕೆ, ನಿರಿಗೆ ಸಿಕ್ಕಿಸಿದ ಬಿಂದುವಿನ ಕಡೆಗೆ ಗೆರೆ ಎತ್ತಿ. ಏಳು ನಿರಿಗೆ ಇದ್ದರೂ ಏಳನ್ನೂ ಸೊಂಟದವರೆಗೆ ಒಯ್ಯಬೇಡಿ. ಮೂರು ಮುಟ್ಟಲಿ, ಎರಡು ಮಂಡಿಯ ಮೇಲೆ ಕರಗಲಿ, ಉಳಿದವು ಕೆಳಗೇ ಮುಗಿಯಲಿ. ಸರಿಯಾಯಿತೇ ಎಂದು ನೋಡಲು ಗೆರೆಗಳನ್ನು ಸ್ಕೇಲಿನಿಂದ ಮೇಲಕ್ಕೆ ಬೆಳೆಸಿ. ಅವು ಹೊಕ್ಕುಳ ಬಳಿ ಒಂದು ಸಣ್ಣ ಜಾಗದಲ್ಲಿ ಕೂಡಬೇಕು. ಚೆದುರಿದರೆ ಬಟ್ಟೆ ಯಾವುದಕ್ಕೂ ತೂಗಿಬಿದ್ದಿಲ್ಲ ಎಂದರ್ಥ.

ಇಲ್ಲೇ ಇನ್ನೊಂದು ದೋಷ ಅಡಗಿರುತ್ತದೆ: ಅಂಚು ಸ್ಕೇಲಿಟ್ಟು ಎಳೆದಂತೆ ಚಪ್ಪಟೆ, ಆಕೃತಿ ಹಲಗೆಯಿಂದ ಕತ್ತರಿಸಿದಂತೆ ಕಾಣುವುದು. ಸೀರೆಯ ಕೆಳಗಿನ ಅಂಚು ನೆಲದ ಮೇಲಿನ ಒಂದು ವೃತ್ತ. ಅದನ್ನು ಮೇಲಿನಿಂದ ನೋಡುವ ನಮಗೆ ಅದು ಅಂಡಾಕಾರವಾಗಿ ಕಾಣಬೇಕು, ನಮಗೆ ಹತ್ತಿರದ ಭಾಗ ಕೆಳಕ್ಕೆ ಬಾಗಿರಬೇಕು. ಕುರ್ಚಿಯ ಮೇಲೆ ಕೂತು ಬರೆಯುವವರ ಕಣ್ಣು ನೆಲದಿಂದ ಮೂರೂವರೆ, ನಾಲ್ಕು ಅಡಿ ಎತ್ತರದಲ್ಲಿರುತ್ತದೆ, ನಿಂತವರ ಸೊಂಟವೂ ಹೆಚ್ಚುಕಡಿಮೆ ಅಲ್ಲೇ. ಆದ್ದರಿಂದ ಸೊಂಟದ ಗೆರೆ ಬಹುತೇಕ ನೇರ, ಕೆಳಗಿನ ಅಂಚು ಕೆಳಕ್ಕೆ ಬಾಗಿದ್ದು, ತೋಳಿನ ಸುತ್ತ ಕುಪ್ಪಸದ ಅಂಚು ಮೇಲಕ್ಕೆ ಬಾಗಿದ್ದು. ಚಾಪೆಯ ಮೇಲೆ ಕೂತು ಬರೆದರೆ ಕಣ್ಣು ಇನ್ನೂ ಕೆಳಗಿಳಿದು ಸೊಂಟದ ಗೆರೆಯೂ ಮೇಲಕ್ಕೆ ಬಾಗುತ್ತದೆ. ಒಂದೇ ಚಿತ್ರದಲ್ಲಿ ಒಮ್ಮೆ ಕುರ್ಚಿ, ಒಮ್ಮೆ ಚಾಪೆ ಎಂದು ಜಾಗ ಬದಲಿಸಿದರೆ ಈ ಬಾಗುಗಳು ಒಂದಕ್ಕೊಂದು ಹೊಂದದೆ ಹೋಗುತ್ತವೆ.

ಸೀರೆಯೊಳಗೆ ಕಾಲೇ ಇಲ್ಲ

ಬಟರ್ ಪೇಪರಿನ ಪರೀಕ್ಷೆಯಲ್ಲಿ ಹೆಚ್ಚಿನವರು ಬೀಳುವುದು ಇಲ್ಲಿ. ಸೀರೆ ಇಳಿಬಿಟ್ಟ ಪರದೆಯಾಗಿರುತ್ತದೆ, ಅದರ ಕೆಳಗೆ ಎರಡು ಪಾದ ಅಂಟಿಸಿರುತ್ತದೆ.

ಒಂದು ಕಾಲಿನ ಮೇಲೆ ಭಾರ ಹಾಕಿ ನಿಂತವರನ್ನು ಗಮನಿಸಿ. ಭಾರ ಹೊತ್ತ ಕಡೆಯ ಸೊಂಟ ಮೇಲೇರುತ್ತದೆ, ಆ ಕಡೆ ಬಟ್ಟೆ ಸೊಂಟದಿಂದ ನೇರ ಕೆಳಕ್ಕೆ ಉದ್ದುದ್ದ ಕೊಳವೆಗಳಾಗಿ ಇಳಿಯುತ್ತದೆ. ಸಡಿಲ ಬಿಟ್ಟ ಕಾಲಿನ ಮಂಡಿ ಮುಂದಕ್ಕೆ ಬಂದು ಬಟ್ಟೆಯನ್ನು ಒಳಗಿನಿಂದ ತಳ್ಳುತ್ತದೆ. ಅಲ್ಲಿ ತೊಡೆಯ ಮೇಲೆ ಬಟ್ಟೆ ಅಂಟಿಕೊಂಡು ಮಡಿಕೆಯೇ ಇಲ್ಲದ ನುಣುಪು ಜಾಗ ಕಾಣುತ್ತದೆ. ಮಂಡಿಯ ಕೆಳಗೆ ಬಟ್ಟೆ ಮೈ ಬಿಟ್ಟು ತೂಗುತ್ತದೆ, ಹೊಸ ಮಡಿಕೆಗಳು ಮಂಡಿಯಿಂದಲೇ ಶುರುವಾಗುತ್ತವೆ. ಒಂದೆರಡು ಮಡಿಕೆ ಆ ಮಂಡಿಯಿಂದ ಎದುರು ಸೊಂಟದ ಕಡೆಗೆ ಓರೆಯಾಗಿ ಎಳೆದುಕೊಂಡಿರುತ್ತವೆ. ಆ ಓರೆ ಗೆರೆ ಬಿಟ್ಟುಹೋದರೆ ಭಂಗಿಯೇ ಸತ್ತಂತೆ. ಸರಿಪಡಿಸುವ ದಾರಿ: ಆ ತೊಡೆಯ ಮೇಲಿನ ಗೆರೆಗಳನ್ನೆಲ್ಲ ಒರೆಸಿ ಖಾಲಿ ಬಿಡಿ. ಮಂಡಿಯ ಕೆಳಗೆ ಎರಡು, ಎದುರು ಸೊಂಟಕ್ಕೆ ಒಂದು, ಒಟ್ಟು ಮೂರೇ ಮಡಿಕೆ ಹಾಕಿ. ಕಾಲು ತಾನಾಗಿ ಎದ್ದುಬರುತ್ತದೆ. ಕಲಿಯುವವರು ಮಡಿಕೆ ಸೇರಿಸಲು ಧೈರ್ಯ ಮಾಡುತ್ತಾರೆ, ಖಾಲಿ ಬಿಡಲು ಹೆದರುತ್ತಾರೆ. ಮೈಯನ್ನು ತೋರಿಸುವುದು ಆ ಖಾಲಿ ಜಾಗವೇ.

ಇದನ್ನು ಕಣ್ಣಾರೆ ನೋಡಬೇಕಿದ್ದರೆ ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋಗಿ. ಮೂರನೆಯ ಗುಹೆಯ ಮುಂಚಾವಡಿಯ ಎರಡು ಕಡೆಯೂ ಸುಮಾರು ಏಳು ಮೀಟರ್ ಎತ್ತರದ ನಿಂತ ಬುದ್ಧರಿದ್ದಾರೆ. ಮೈಮೇಲೆ ಮಡಿಕೆಯ ಅಬ್ಬರವಿಲ್ಲ, ಚೀವರ (ಭಿಕ್ಷುಗಳು ಹೊದೆಯುವ ಬಟ್ಟೆ) ಇದೆ ಎಂದು ತಿಳಿಯುವುದು ಮುಖ್ಯವಾಗಿ ಅಂಚುಗಳಿಂದ. ಇದಕ್ಕೆ ತದ್ವಿರುದ್ಧವಾದ ಗಾಂಧಾರ (ಪ್ರಾಚೀನ ವಾಯವ್ಯ ಭಾರತದ) ಶಿಲ್ಪಗಳು ಫೋರ್ಟ್‌ನ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿವೆ. ಆ ಶೈಲಿಯಲ್ಲಿ ಮಡಿಕೆಗಳು ಆಳವಾಗಿ ಕೊರೆದವು, ಯಾವ ಮಡಿಕೆ ಯಾವ ಹೆಗಲಿಂದ ಹೊರಟಿತು ಎಂದು ಬೆರಳಿಟ್ಟು ತೋರಿಸಬಹುದು. ಎರಡನ್ನೂ ಒಂದೇ ವಾರದಲ್ಲಿ ನೋಡಿ, ಪೆನ್ಸಿಲಿನಲ್ಲಿ ಬರೆದುಕೊಳ್ಳಿ.

ಒಂಬತ್ತು ಗಜದ ಕಚ್ಚೆ ಸೀರೆ

ಮುಂಬೈಯ ಮೀನು ಮಾರುಕಟ್ಟೆಗಳ ಕೋಳಿ ಎಂಬ ಮೀನುಗಾರ ಸಮುದಾಯದ ಹೆಂಗಸರಲ್ಲಾಗಲಿ, ನಮ್ಮ ಉತ್ತರ ಕರ್ನಾಟಕದ ಅಜ್ಜಿಯರಲ್ಲಾಗಲಿ ಕಚ್ಚೆ ಸೀರೆ ಬರೆಯುವಾಗ ಮೇಲಿನ ಸೂತ್ರ ಹಾಗೇ ಹಚ್ಚಿದರೆ ಕೆಡುತ್ತದೆ. ಮರಾಠಿಯ ನವ್ವಾರಿ, ಅಂದರೆ ಒಂಬತ್ತು ಗಜದ ಸೀರೆ, ಸುಮಾರು 8.2 ಮೀಟರ್. ಮುಂದಿನ ನಿರಿಗೆಯ ಕೆಳಭಾಗ ಕಾಲುಗಳ ನಡುವಿಂದ ಹಿಂದಕ್ಕೆ ಹೋಗಿ ಬೆನ್ನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಇಲ್ಲಿ ಬಟ್ಟೆಯನ್ನು ಹಿಡಿದಿರುವ ಜಾಗಗಳು ಮೂರು: ಮುಂದೆ ಹೊಕ್ಕುಳು, ನಡುವೆ ತೊಡೆಸಂದು, ಹಿಂದೆ ಕಚ್ಚೆ ಸಿಕ್ಕಿಸಿದ ಗಂಟು. ಪ್ರತಿ ಕಾಲೂ ಬೇರೆ ಬೇರೆ ಕೊಳವೆ. ಮಡಿಕೆಗಳು ಲಂಬವಾಗಿ ಇಳಿಯದೆ ತೊಡೆಯನ್ನು ಸುತ್ತಿಕೊಂಡು ಹಿಂದಕ್ಕೆ ಓಡುತ್ತವೆ. ಹಿಂಬದಿಯಿಂದ ಬರೆಯುವಾಗ ಎಲ್ಲ ಮಡಿಕೆಯೂ ಕಚ್ಚೆಯ ಗಂಟಿನಿಂದ ಹೊರಟು ಎರಡು ತೊಡೆಗೂ ಹಂಚಿಹೋಗಬೇಕು. ಚಿತ್ರ ಪೈಜಾಮದಂತೆ ಕಂಡರೆ ಆ ಗಂಟನ್ನು ಬರೆದಿಲ್ಲ ಅಥವಾ ತೀರ ಕೆಳಗಿಟ್ಟಿದ್ದೀರಿ.

ಒಂದು ಮಂಡಿ ಎತ್ತಿ, ಇನ್ನೊಂದನ್ನು ನೆಲಕ್ಕೆ ಮಡಚಿ ಕೂತ ಭಂಗಿ ಇದರಲ್ಲಿ ಬಹಳ ಸುಂದರ, ಬಹಳ ಕಷ್ಟ. ಎತ್ತಿದ ಮಂಡಿಯ ಚಿಪ್ಪಿನ ಮೇಲೆ ಬಟ್ಟೆ ಬಿಗಿ. ಮಂಡಿಯ ಹಿಂದೆ, ತೊಡೆ ಮತ್ತು ಮೀನಖಂಡ ಒಂದನ್ನೊಂದು ಒತ್ತುವ ಸಂದಿಯಲ್ಲಿ, ಬಟ್ಟೆ ಒಂದರೊಳಗೊಂದು ನುಗ್ಗಿ ಮುರಿದ ಕೋನಗಳಾಗುತ್ತದೆ. ಎತ್ತಿದ ಮಂಡಿಗೂ ನೆಲದ ಮಂಡಿಗೂ ನಡುವೆ ಬಟ್ಟೆ ಜೋತುಬಿದ್ದು ಮಡಿಲಾಗುತ್ತದೆ. ಈ ಜೋತುಬಿದ್ದ ಮಡಿಕೆಗಳು ಎರಡೂ ತುದಿಯಿಂದ ಹೊರಟು ನಡುವೆ ಒಂದಕ್ಕೊಂದು ಸರಿಯಾಗಿ ಸಂಧಿಸುವುದಿಲ್ಲ. ಒಂದು ಕಡೆಯದು ಇನ್ನೊಂದು ಕಡೆಯದರ ನಡುವಿನ ಸಂದಿಗೆ ಹೋಗಿ ಮುಗಿಯುತ್ತದೆ. ತೋರಣದ ಹಾಗೆ ಒಂದೇ ಬಾಗಿನಲ್ಲಿ ಜೋಡಿಸಿದರೆ ಅಲಂಕಾರ ಕಾಣುತ್ತದೆ, ತೂಕ ಕಾಣುವುದಿಲ್ಲ.

ಸೆರಗು ಅಂಟಿಸಿದ ಪಟ್ಟಿಯಾಗಿದೆ

ಬಲ ಸೊಂಟದಿಂದ ಎಡ ಹೆಗಲಿಗೆ ಎದೆಯ ಮೇಲೆ ಹಾದುಹೋಗುವ ಬಟ್ಟೆ ಚಪ್ಪಟೆಯಾಗಿದ್ದರೆ ಮೂರು ಕಡೆ ನೋಡಿ. ಹೆಗಲ ಮೇಲೆ ಸೆರಗಿಗೆ ದಪ್ಪ ಕೊಟ್ಟಿದ್ದೀರಾ? ಅದು ಒಂದೇ ಪದರವಲ್ಲ, ಮಡಿಕೆ ಮಾಡಿದ್ದರೆ ನಾಲ್ಕೈದು ಪದರ, ಹೆಗಲ ರೇಖೆಯಿಂದ ಸ್ವಲ್ಪ ಮೇಲೆದ್ದು ಹಿಂದಕ್ಕೆ ತಿರುಗಬೇಕು. ಅದರ ನೆರಳು ಕುಪ್ಪಸದ ಮೇಲೆ ಬಿದ್ದಿದೆಯಾ? ಬಟ್ಟೆಯ ಅಂಚು ಮೈಗೆ ತಾಗಿದಲ್ಲಿ ನೆರಳು ಗೆರೆಯಷ್ಟು ಸಣ್ಣ, ಮೈ ಬಿಟ್ಟಲ್ಲಿ ಅಗಲ. ಈ ಅಗಲ ಬದಲಾಗದಿದ್ದರೆ ಅಂಟಿಸಿದಂತೆಯೇ ಕಾಣುತ್ತದೆ. ಮೂರನೆಯದಾಗಿ ಪಿನ್. ಪಿನ್ ಹಾಕಿದ್ದರೆ ಮಡಿಕೆಗಳು ಆ ಒಂದೇ ಬಿಂದುವಿನಿಂದ ಹರಡುತ್ತವೆ. ಹಾಕದಿದ್ದರೆ ಸೆರಗು ಹೆಗಲಿಂದ ಜಾರಿ ಮೇಲ್ತೋಳಿನ ಮೇಲೂ ಹರಡಿ ಅಲ್ಲಿ ಇನ್ನೊಂದು ಆಸರೆ ಪಡೆಯುತ್ತದೆ.

ನೆರಳು ಕೊಳೆಯಾಗಿದೆ

ಮುಂಬೈಯ ಫ್ಲಾಟುಗಳಲ್ಲಿ ಈ ದೋಷದ ಮೂಲ ಬಹುಪಾಲು ಟ್ಯೂಬ್‌ಲೈಟ್. ಮೇಲಿಂದ ಟ್ಯೂಬ್, ಪಕ್ಕದಿಂದ ಕಿಟಕಿ; ಪ್ರತಿ ಮಡಿಕೆಗೂ ಎರಡೆರಡು ನೆರಳು, ಯಾವುದು ಉಬ್ಬು ಯಾವುದು ತಗ್ಗು ಎಂದೇ ತಿಳಿಯದು. ಟ್ಯೂಬ್ ಆರಿಸಿ. ಹಗಲಾದರೆ ಒಂದೇ ಕಿಟಕಿ ಸಾಕು. ರಾತ್ರಿಯಾದರೆ 9 ವಾಟಿನ ಒಂದು ಎಲ್ಇಡಿ ಬಲ್ಬನ್ನು ಐದಾರು ಅಡಿ ದೂರದಲ್ಲಿ, ತಲೆಗಿಂತ ಎರಡು ಅಡಿ ಮೇಲೆ, ಪಕ್ಕಕ್ಕೆ 45 ಡಿಗ್ರಿಯಲ್ಲಿ ಇಡಿ.

ಬೆಳಕು ಸರಿಯಿದ್ದೂ ಕೊಳೆ ಕಂಡರೆ ಕಾರಣ ಕ್ರಮದ್ದು. ಪ್ರತಿ ಮಡಿಕೆಯನ್ನೂ ಬಿಳಿಯಿಂದ ಕಡುಗಪ್ಪಿನವರೆಗೆ ತೀಡಿದರೆ ಮೈ ಪಟ್ಟೆಪಟ್ಟೆಯಾಗುತ್ತದೆ. ಮೊದಲು ಮಡಿಕೆಗಳನ್ನು ಮರೆತು ಇಡೀ ಕಾಲನ್ನು ಒಂದು ಉರುಳೆ ಎಂದು ಹಿಡಿದು ಎರಡೇ ಛಾಯೆ ಹಾಕಿ: ಬೆಳಕಿನ ಬದಿ, ನೆರಳಿನ ಬದಿ. ಆಮೇಲೆ ಅವುಗಳೊಳಗೆ ಮಡಿಕೆ. ನೆರಳಿನ ಬದಿಯ ಅತಿ ತಿಳಿಯಾದ ಜಾಗವೂ ಬೆಳಕಿನ ಬದಿಯ ಅತಿ ಗಾಢವಾದ ಜಾಗಕ್ಕಿಂತ ಕಪ್ಪಾಗಿರಬೇಕು. ಮಡಿಕೆಯ ಆಳದ ಸಂದುಗಳನ್ನು ಬಿಟ್ಟರೆ ಈ ನಿಯಮ ಮುರಿಯಬೇಡಿ. ಬಟ್ಟೆ ತಿರುಗುವಲ್ಲಿನ ನೆರಳಿನ ಅಂಚು ಮೆತ್ತಗೆ, ಒಂದು ಮಡಿಕೆ ಇನ್ನೊಂದರ ಮೇಲೆ ಬೀಳಿಸಿದ ನೆರಳಿನ ಅಂಚು ಚೂಪು. ಎಲ್ಲವನ್ನೂ ಬೆರಳಿನಿಂದ ಉಜ್ಜಿದರೆ ಈ ವ್ಯತ್ಯಾಸ ಅಳಿಸಿಹೋಗಿ ಬಟ್ಟೆ ಹೊಗೆಯಾಗುತ್ತದೆ.

ಎಲ್ಲ ಬಟ್ಟೆಯೂ ಒಂದೇ ಥರ ಕಾಣುತ್ತಿದೆ

ಗಂಜಿ ಹಾಕಿದ ಹತ್ತಿಯಲ್ಲಿ ಮಡಿಕೆ ಬಾಗುವುದಿಲ್ಲ, ಮುರಿಯುತ್ತದೆ: ಚಪ್ಪಟೆ ತಲಗಳು, ಚೂಪು ಕೋನಗಳು, ಮೈಯಿಂದ ದೂರ ನಿಂತ ಅಂಚು. ಜಾರ್ಜೆಟ್ ಮತ್ತು ಶಿಫಾನಿನಲ್ಲಿ ಸಣ್ಣ, ಒತ್ತೊತ್ತಾದ ಮಡಿಕೆಗಳು, ಮೈಗೆ ಅಂಟುವ ಗುಣ. ರೇಷ್ಮೆಯಲ್ಲಿ ಹೊಳಪು ಕಿರಿದು, ಚೂಪು, ಅದರ ಪಕ್ಕದಲ್ಲೇ ಗಾಢ ಛಾಯೆ. ಹತ್ತಿಯಲ್ಲಿ ಬೆಳಕು ಅಗಲ, ಇಳಿಜಾರು ನಿಧಾನ. ಮಹಾರಾಷ್ಟ್ರದ ಪೈಠಣಿ ಸೀರೆಯ ಸೆರಗು ಜರಿಯಿಂದ ಭಾರ, ಬಿರುಸು, ಅಲ್ಲಿ ಮಡಿಕೆ ಕಡಿಮೆ, ದೊಡ್ಡದು. ಇಳಕಲ್ ಸೀರೆ ಇನ್ನೂ ಸ್ವಾರಸ್ಯದ್ದು. ಅದರ ಒಡಲು ಹತ್ತಿಯದು, ಸೆರಗು ರೇಷ್ಮೆಯದು, ಎರಡರ ಎಳೆಗಳನ್ನೂ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಅಂದರೆ ಒಂದೇ ಸೀರೆಯಲ್ಲಿ ಸೊಂಟದ ಕೆಳಗೆ ಹತ್ತಿಯ ಮಂಕು ಬೆಳಕು, ಹೆಗಲ ಹಿಂದೆ ರೇಷ್ಮೆಯ ಹೊಳಪು ಬರಬೇಕು. ಇಡೀ ಸೀರೆಗೆ ಒಂದೇ ಹೊಳಪು ಕೊಟ್ಟರೆ ಅದು ಇಳಕಲ್ ಆಗಿ ಉಳಿಯುವುದಿಲ್ಲ.

ದಡಿ ಮತ್ತು ಚೌಕಳಿ ಕೊನೆಗೆ. ನೇರ ಗೆರೆಯಾಗಿ ದಡಿ ಎಳೆದುಬಿಟ್ಟರೆ ಅದುವರೆಗಿನ ಮಡಿಕೆಯೆಲ್ಲ ಸುಳ್ಳಾಗುತ್ತದೆ. ಎರಡಿಂಚು ಅಗಲದ ಕಾಗದದ ಪಟ್ಟಿಯ ಕೆಳ ಅಂಚಿಗೆ ಎರಡು ಗೆರೆ ಎಳೆದು, ನಿರಿಗೆಯಂತೆ ಮಡಿಚಿ ಕಣ್ಣೆದುರು ಇಟ್ಟುಕೊಳ್ಳಿ. ಗೆರೆ ಎಲ್ಲಿ ಮುರಿಯುತ್ತದೆ, ಎಲ್ಲಿ ಮಾಯವಾಗುತ್ತದೆ, ಮತ್ತೆ ಎಲ್ಲಿ ಏಳುತ್ತದೆ ಎಂದು ನೋಡಿ ದಡಿ ಬರೆಯಿರಿ. ಚೌಕಳಿಯನ್ನು ಬೆಳಕಿನ ಬದಿಯಲ್ಲಿ ಮಾತ್ರ ಬಿಡಿಸಿ, ನೆರಳಲ್ಲಿ ಸೂಚಿಸಿ ಬಿಡಿ. ಜೆ.ಜೆ.ಯಲ್ಲಿ ಓದಿ ಅಲ್ಲೇ ಕಲಿಸಿದ ಎಂ.ವಿ. ಧುರಂಧರ್ (1867–1944) ಅವರ ಹೆಂಗಸರ ಚಿತ್ರಗಳಲ್ಲಿ ಉಡುಗೆಯ ವಿವರ ತುಂಬಿರುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಅದೇ ಶಾಲೆಯಲ್ಲಿ ಕಲಿತ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳಲ್ಲಿ ನರ್ತಿಸುವ ಮೈ, ಉಟ್ಟ ಬಟ್ಟೆ ಎರಡೂ ಬೆರಳೆಣಿಕೆಯ ಗೆರೆಗಳಲ್ಲಿ ಬರುತ್ತವೆ. ಎಷ್ಟು ಬಿಡಿಸಬೇಕು ಎಂಬ ಪ್ರಶ್ನೆಗೆ ಇವರಿಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು.

ಅರ್ಧಕ್ಕೆ ಮಡಿಕೆ ಬದಲಾಯಿತು, ಮಳೆಗಾಲ ಬಂತು

ನಿಮ್ಮ ಚಿತ್ರಕ್ಕೆ ಸೀರೆ ಉಟ್ಟು ನಿಂತ ಅಕ್ಕ ಬಿಡುವಿನ ನಂತರ ಮತ್ತೆ ಬಂದು ನಿಂತರೂ ಸೀರೆ ಮೊದಲಿನಂತೆ ಕೂರುವುದಿಲ್ಲ. ಹಳೆಯ ಮಡಿಕೆಗೆ ಹೊಸದನ್ನು ಸೇರಿಸಿದರೆ ಒಂದೇ ಕಾಲಿಗೆ ಎರಡು ಕಥೆಯಾಗುತ್ತದೆ. ಪಾದದ ಸುತ್ತ ನೆಲಕ್ಕೆ ಟೇಪ್ ಅಂಟಿಸಿ. ಮೊದಲ 25 ನಿಮಿಷ ಮೈ ಮಾತ್ರ ಬರೆಯಿರಿ, ಐದು ನಿಮಿಷ ಬಿಡುವು ಕೊಡಿ, ಮುಂದಿನ 25 ನಿಮಿಷದಲ್ಲಿ ಮುಖ್ಯ ಮಡಿಕೆಗಳನ್ನೆಲ್ಲ ಒಂದೇ ಉಸಿರಿಗೆ ಹಿಡಿದು ಮುಗಿಸಿ. ಆಮೇಲೆ ಸೀರೆ ಹೇಗೆ ಬದಲಾದರೂ ಛಾಯೆಗಷ್ಟೇ ಅದನ್ನು ನೋಡಿ, ಗೆರೆ ಮುಟ್ಟಬೇಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಜಿ ಹಾಕಿದ ಹತ್ತಿ ಗಾಳಿಯ ತೇವಕ್ಕೆ ಮೆತ್ತಗಾಗುತ್ತದೆ, ಬೆಳಿಗ್ಗೆಯ ಕೋನಗಳು ಮಧ್ಯಾಹ್ನಕ್ಕೆ ಇರುವುದಿಲ್ಲ. ಹತ್ತಿ ಬರೆಯುವುದಾದರೆ ಇಸ್ತ್ರಿ ಮಾಡಿದ ಕೂಡಲೇ ಬರೆಯಿರಿ. ಚಿತ್ರ ಬರೆಯುವ ಕಾರ್ಟ್ರಿಜ್ ಹಾಳೆಯೂ ತೇವ ಹೀರಿ ಮೆದುವಾಗುತ್ತದೆ. ಎಚ್‌ಬಿ ಪೆನ್ಸಿಲ್ ಒತ್ತಿದರೆ ತೋಡು ಬೀಳುತ್ತದೆ, ರಬ್ಬರ್ ಉಜ್ಜಿದರೆ ನಾರು ಏಳುತ್ತದೆ, ಆ ಜಾಗದಲ್ಲಿ ಛಾಯೆ ಕಲೆಯಾಗಿ ಕೂರುತ್ತದೆ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಲಮಾರಿಯಲ್ಲಿ ಮಲಗಿಸಿಡಿ, ಮೆದುವಾದ 2ಬಿ ಅಥವಾ 4ಬಿ ಪೆನ್ಸಿಲ್ ಹಗುರವಾಗಿ ಹಿಡಿಯಿರಿ, ಹಿಟ್ಟಿನಂತೆ ನಾದಬಹುದಾದ ಪುಟ್ಟಿ ರಬ್ಬರನ್ನು ಉಜ್ಜದೆ ಒತ್ತಿ ಎತ್ತಿ. ಇದ್ದಿಲಿನ ಚಿತ್ರಕ್ಕೆ ಫಿಕ್ಸೆಟಿವ್ (ಇದ್ದಿಲು ಉದುರದಂತೆ ಹಿಡಿಯುವ ಸ್ಪ್ರೇ) ಹೊಡೆಯಲು ಮಳೆ ನಿಂತ ಒಣ ದಿನ ಕಾಯಿರಿ, ಒಂದಡಿ ದೂರದಿಂದ ಎರಡು ತೆಳು ಪದರ ಸಾಕು.